ಬಾತುಕೋಳಿ ಕಪ್ಪಾದ ವಾರ

ನಮ್ಮ ಅತ್ತೆ ಗೊಂಬೆಗಳಿಗೆ ಕಣ್ಣು ಬರೆಯುತ್ತಾರೆ. ನಾನು ಮದುವೆಯಾಗಿ ಕುದೂರಿನಿಂದ ಚನ್ನಪಟ್ಟಣಕ್ಕೆ ಬರುವ ಎಷ್ಟೋ ವರ್ಷ ಮೊದಲಿನಿಂದಲೂ ಅದೇ ಅವರ ಕೆಲಸ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಲೇತ್ ಇವೆ. ನನ್ನ ಗಂಡ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಆಕಾರ ಕೊಟ್ಟು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೊಂದು ಸಲ ಕೇದಗೆ ಗರಿ ಹಿಡಿದರೆ ಹೊಳಪು. ಅಲ್ಲಿಯವರೆಗೆ ಒಂದು ತೊಟ್ಟು ದ್ರವವೂ ಬೇಕಿಲ್ಲ. ಆದರೆ ಕಣ್ಣು, ಕೊಕ್ಕು, ರೆಕ್ಕೆಯ ಗೆರೆಗಳನ್ನು ಕೈಯಲ್ಲೇ ಬರೆಯಬೇಕು. ಅದು ಅತ್ತೆಯ ಪಾಲು.

ಹಳದಿ, ಕೆಂಪು ಬಣ್ಣಗಳನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ದಾಳಿಂಬೆ ಸಿಪ್ಪೆಯ ಪುಡಿ, ಅರಿಶಿನ, ಹೀಗೆ ಬೇಕಾದ್ದನ್ನು ಕಲಸುವುದು. ಮಕ್ಕಳು ಬಾಯಿಗೆ ಹಾಕುವ ಆಟಿಕೆ ನೋಡಿ, ಗಿಡಮರದ ಬಣ್ಣವೇ ಬೇಕೆಂದು ಅಂಗಡಿಯವರು ಕೇಳುತ್ತಾರೆ. ಸ್ಪಿರಿಟ್ ಮಾತ್ರ ಹಾಕಿದರೆ ಬಣ್ಣ ಕುಂಚದ ಮೇಲೇ ಒಣಗಿ ಕಡ್ಡಿಯಾಗುತ್ತದೆ. ಅದು ನಿಧಾನವಾಗಿ ಒಣಗಲಿ ಅಂತ ಪೇಂಟ್ ಅಂಗಡಿಯ ಥಿನ್ನರ್ ಸೇರಿಸಬೇಕಿತ್ತು. ಕಣ್ಣಿನ ಕಪ್ಪು ಮಾತ್ರ ಅಂಗಡಿಯ ಎನಾಮಲ್ ಪೇಂಟೇ. ಅದಕ್ಕೂ ಥಿನ್ನರ್ ಬೇಕು. ಎಲ್ಲಕ್ಕೂ ಥಿನ್ನರ್. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ತಲೆನೋವು ಹತ್ತುತ್ತಿತ್ತು. ತಲೆಗೆ ಒಂದು ಪಂಚೆ ಚೂರು ಬಿಗಿದುಕೊಂಡು, ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು.

ನಾನು ರಾಮನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕುದೂರಿನ ಕಡೆ ನಮ್ಮ ಮನೆಯವರು ಹೊಲ ಉಳುವವರು, ಕುರಿ ಸಾಕುವವರು. ನಮ್ಮಲ್ಲಿ ಈ ವಿದ್ಯೆ ಓದಿದವಳು ನಾನೇ ಮೊದಲು. ಅತ್ತೆಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ. ಆದರೆ ಮಾತು ಬೇರೆ ಥರ.

"ನೀನು ಅದೇನೋ ಔಸ್ತಿ ಬೆರ್ಸೋ ವಿದ್ಯೆ ಓದಿದ್ದೀಯಲ್ಲವ್ವ. ತಲೆ ನೋಯ್ದಿರೋ ಥಿನ್ನರ್ ಒಂದು ನಿಮ್ ಕಾಲೇಜಲ್ಲಿ ಇಲ್ವಾ?" ಎಂದು ಒಂದು ದಿನ ಕೇಳಿದರು.

ನಾನು ನಕ್ಕು ಚೀಲ ಹೆಗಲಿಗೇರಿಸಿದೆ. ಆದರೆ ಆ ಮಾತು ನನ್ನ ಜೊತೆಯಲ್ಲೇ ಬಸ್ಸು ಹತ್ತಿತು. ಯಾಕೆಂದರೆ ಆಗ ನಾನು ಓದುತ್ತಿದ್ದುದೇ ದ್ರಾವಕಗಳ, ಅಂದರೆ ಬೇರೆ ವಸ್ತುಗಳನ್ನು ಕರಗಿಸಿಕೊಳ್ಳುವ ದ್ರವಗಳ ಬಗ್ಗೆ.

ನಲವತ್ತು ದಾಟಿದ ಮೇಲೆ ನಾನು ಪಿಎಚ್.ಡಿಗೆ ಸೇರಿದ್ದೆ. ರಜೆಯ ದಿನಗಳಲ್ಲಿ ಬೆಂಗಳೂರಿಗೆ ಹೋಗಿ ಗೈಡ್ ಮೇಡಂ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ವಿಷಯ, ಈಥೈಲ್ ಲ್ಯಾಕ್ಟೇಟ್ ಅನ್ನುವ ದ್ರವ. ಹೆಸರು ದೊಡ್ಡದು, ವಸ್ತು ಸರಳ. ಮೊಸರಿನಲ್ಲಿ ಹುಳಿಯಾಗಿ ಇರುವ ಲ್ಯಾಕ್ಟಿಕ್ ಆಮ್ಲವನ್ನೂ ಸಕ್ಕರೆ ಹುದುಗಿ ಬರುವ ಆಲ್ಕೊಹಾಲನ್ನೂ ಸೇರಿಸಿ ಕಾಯಿಸಿದರೆ ಅದು ಹುಟ್ಟುತ್ತದೆ, ಜೊತೆಗೆ ಒಂದಿಷ್ಟು ನೀರು ಬಿಡುಗಡೆಯಾಗುತ್ತದೆ. ಪೆಟ್ರೋಲಿನ ಮೂಲವಿಲ್ಲದೆ, ಕಬ್ಬು, ಜೋಳದಿಂದಲೇ ಮಾಡಬಹುದು. ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಇಂಥವನ್ನೇ ಹಸಿರು ದ್ರಾವಕ ಅನ್ನುತ್ತಾರೆ.

ನಾನು ಮಾಡಬೇಕಾಗಿದ್ದ ಕೆಲಸ, ಔಷಧಿ ತಯಾರಿಕೆಯಲ್ಲಿ ಬಳಸುವ ಕೆಲವು ಪ್ರಕ್ರಿಯೆಗಳನ್ನು ಹಳೆಯ ದ್ರಾವಕದ ಬದಲು ಇದರಲ್ಲಿ ಮಾಡಿ ನೋಡುವುದು. ಮೊದಲ ಆರು ತಿಂಗಳು ಒಂದೂ ನೆಟ್ಟಗಾಗಲಿಲ್ಲ. ಅಮೈನ್ ಎಂಬ, ಸಾರಜನಕವಿರುವ ಗುಂಪಿನ ಒಂದು ವಸ್ತುವನ್ನು ಇನ್ನೊಂದರ ಜೊತೆ ಸೇರಿಸಲು ಹೊರಟರೆ, ಕೊನೆಯಲ್ಲಿ ನನಗೆ ಬೇಕಾದ್ದು ಬಾರದೆ ಬೇರೇನೋ ಬಿಳಿ ಪುಡಿ ಬರುತ್ತಿತ್ತು. ತೂಕ ಸರಿ, ಶುಚಿತ್ವ ಸರಿ, ವಸ್ತು ಮಾತ್ರ ಬೇರೆ. ಪರೀಕ್ಷೆಗೆ ಕಳಿಸಿದಾಗ ಗೊತ್ತಾಯಿತು. ಅಮೈನು ಹೋಗಿ ದ್ರಾವಕವನ್ನೇ ಹಿಡಿದುಕೊಂಡಿದೆ. ಬಡಿಸಲು ನಿಂತವನೇ ಪಂಕ್ತಿಯಲ್ಲಿ ಕೂತು ಉಂಡುಬಿಟ್ಟ ಹಾಗೆ.

ಗೈಡ್ ಮೇಡಂ ಬೈಯಲಿಲ್ಲ. "ಮನೆಯಲ್ಲಿ ಇರೋರನ್ನ ಲೆಕ್ಕಕ್ಕೆ ತಗೊಳ್ಳದೆ ಅಡುಗೆ ಮಾಡಿದ್ದೀಯ. ದ್ರಾವಕ ಅಂದ ಮಾತ್ರಕ್ಕೆ ಅದು ಮೂಕ ಅಲ್ಲ. ಅದಕ್ಕೂ ಒಂದು ಸ್ವಭಾವ ಇದೆ. ಮೊದಲು ಅದನ್ನ ತಿಳ್ಕೋ," ಅಂದರು. ಅಲ್ಲಿಂದ ನನ್ನ ಸಂಶೋಧನೆಯ ದಾರಿಯೇ ತಿರುಗಿತು. ಈ ದ್ರವ ಯಾವುದರ ಜೊತೆ ಸುಮ್ಮನಿರುತ್ತದೆ, ಯಾವುದರ ಜೊತೆ ಕೈಜೋಡಿಸುತ್ತದೆ, ಎಷ್ಟು ಬೇಗ, ಎಷ್ಟು ಬಿಸಿಯಲ್ಲಿ, ಇದನ್ನೇ ಅಳೆಯತೊಡಗಿದೆ.

ಹಾಗೆ ಓದುತ್ತಿದ್ದಾಗಲೇ ಒಂದು ಸಾಲು ಕಣ್ಣಿಗೆ ಬಿತ್ತು. ಈಥೈಲ್ ಲ್ಯಾಕ್ಟೇಟ್ ಅರಗನ್ನು ಕರಗಿಸುತ್ತದೆ, ಮತ್ತು ನಿಧಾನವಾಗಿ ಆರುತ್ತದೆ. ನನಗೆ ಅತ್ತೆ ಕೇಳಿದ್ದು ನೆನಪಾಯಿತು.

ಕಾಲೇಜಿನ ಲ್ಯಾಬಿನಲ್ಲಿ ಒಂದು ಶನಿವಾರ ಪಾಠ ಮುಗಿಸಿ ಕೂತೆ. ಲ್ಯಾಕ್ಟಿಕ್ ಆಮ್ಲ, ಆಲ್ಕೊಹಾಲ್, ಪ್ರಕ್ರಿಯೆ ಚುರುಕಾಗಲು ಕೆಲವು ತೊಟ್ಟು ಸಲ್ಫ್ಯೂರಿಕ್ ಆಮ್ಲ. ಗಂಟೆಗಟ್ಟಲೆ ಕಾಯಿಸಿ, ಆಮೇಲೆ ಬಟ್ಟಿ ಇಳಿಸಿ, ಬೇಕಾದ ಉಷ್ಣತೆಯಲ್ಲಿ ಇಳಿದ ಭಾಗವನ್ನು ಮಾತ್ರ ಹಿಡಿದೆ. ಒಂದು ಪುಟ್ಟ ಬಾಟಲಿಯಷ್ಟು ನೀರಿನಂಥ ದ್ರವ ಸಿಕ್ಕಿತು. ಮೂಸಿದರೆ ಬೆಣ್ಣೆಯ, ಹಣ್ಣಿನ ಸಣ್ಣ ವಾಸನೆ. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡು ಮನೆಗೆ ತಂದೆ.

ಅತ್ತೆ ಮುಚ್ಚಳ ತೆಗೆದು ಮೂಗಿಗೆ ಹಿಡಿದರು.

"ಇದ್ಯಾತರದ್ದವ್ವಾ?"

"ಮೊಸರಲ್ಲಿ ಇರೋ ಹುಳಿಯಿಂದ ಮಾಡಿದ್ದು ಅತ್ತೆ."

"ಮೊಸ್ರಾ? ಮೊಸ್ರು ಅಂದ್ಮೇಲೆ ಕೆಡ್ತದೆ ಕಣವ್ವ."

"ಇದು ಮೊಸರಲ್ಲ ಅತ್ತೆ. ಹುಳಿಯನ್ನ ಬೇರೆ ರೂಪಕ್ಕೆ ತಿರುಗಿಸಿದ್ದೀನಿ. ಕೆಡಲ್ಲ."

ಎಷ್ಟು ಧೈರ್ಯವಾಗಿ ಹೇಳಿದೆ ಅಂತ ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಸ್ಪಿರಿಟ್ಟಿನಲ್ಲಿ ನೆನೆದ ಅರಗಿಗೆ ಥಿನ್ನರ್ ಬದಲು ಇದನ್ನು ಸ್ವಲ್ಪ ಸೇರಿಸಿ, ಹಳದಿ ಕಲಸಿ, ಅತ್ತೆ ಒಂದು ಬಾತುಕೋಳಿಯ ಕೊಕ್ಕು ಬರೆದರು. ಕುಂಚ ಬಿಗಿಯಲಿಲ್ಲ. ಗೆರೆ ನುಣ್ಣಗೆ ಓಡಿತು. ಒಣಗಲು ಮಾತ್ರ ಹೊತ್ತು ಹಿಡಿಯಿತು. ಮುಂಚೆ ಒಂದು ಕಡೆ ಬರೆದು ಇನ್ನೊಂದು ಕಡೆಗೆ ತಿರುಗಿಸುವಷ್ಟರಲ್ಲಿ ಆರುತ್ತಿತ್ತು, ಈಗ ಒಂದು ಹಲಗೆಯ ತುಂಬ ಬಾತುಗಳನ್ನು ಸಾಲಾಗಿ ನಿಲ್ಲಿಸಿ ಕಾಯಬೇಕು. ಅದಕ್ಕೆ ಅತ್ತೆ ಬೇಸರಪಡಲಿಲ್ಲ. ನನ್ನ ಗಂಡನಿಗೆ ಹೇಳಿ ಗೋಡೆಗೆ ಎರಡು ಹಲಗೆ ಹೊಡೆಸಿಕೊಂಡರು.

ಆ ವಾರ ಹಳದಿ, ಕೆಂಪಿನ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದರು. ವಾರದ ಕೊನೆಯಲ್ಲಿ ತಲೆಯ ಪಂಚೆ ಚೂರು ಗೂಟಕ್ಕೆ ನೇತಾಡುತ್ತಿತ್ತು. ಮಧ್ಯಾಹ್ನ ಒಂದು ಮುದ್ದೆ ಪೂರ್ತಿ ಉಂಡು, ಸೊಪ್ಪಿನ ಸಾರು ಎರಡನೇ ಸಲ ಹಾಕಿಸಿಕೊಂಡರು. ಎದುರು ಮನೆಯವರಿಗೆ ಹೇಳಿದ್ದು ನನಗೆ ಕೇಳಿಸಿತು. "ನಮ್ ಸೊಸೆ ಥಿನ್ನರ್ ಮಾಡ್ಕೊಟ್ಟವ್ಳೆ. ತಲೆಯೇ ನೋಯಾಕಿಲ್ಲ."

ಪುಟ್ಟ ಬಾಟಲಿ ಎಷ್ಟು ದಿನ ಬಂದೀತು? ಎರಡನೆಯ ಸಲ ದೊಡ್ಡ ಫ್ಲಾಸ್ಕಿನ ಗಾಜಿನ ಬುರುಡೆಯಲ್ಲೇ ಕಾಯಿಸಲು ಇಟ್ಟೆ. ಆದರೆ ಆಗ ಪರೀಕ್ಷೆಯ ಕಾಲ. ಉತ್ತರಪತ್ರಿಕೆ, ಮೀಟಿಂಗ್, ನೂರೆಂಟು ತಾಪತ್ರಯ. ಬಟ್ಟಿ ಇಳಿಸಲು ನಾಲ್ಕಾರು ಗಂಟೆ ಪಕ್ಕದಲ್ಲೇ ಕೂರಬೇಕು. ನನಗೆ ಅಷ್ಟು ಪುರುಸೊತ್ತಿರಲಿಲ್ಲ. ಕಾಯಿಸಿದ ಮೇಲೆ ಅಡುಗೆ ಸೋಡಾ ಹಾಕಿ ಆಮ್ಲವನ್ನು ಶಮನ ಮಾಡಿ, ಸೋಸಿ, ನೊರೆ ನಿಂತಿತು ಅನ್ನಿಸಿದ ಕೂಡಲೇ ಸಾಕು ಅಂದುಕೊಂಡೆ. ಲಿಟ್ಮಸ್ ಕಾಗದ ಅದ್ದಿ ಪರೀಕ್ಷಿಸಲೂ ಇಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲ.

ಮನೆಗೆ ತಂದ ಬಾಟಲಿ ದೊಡ್ಡದು. ಗಾಜು, ಕೈ ಜಾರಿದರೆ ಒಡೆಯುತ್ತದೆ ಅಂತ ಅತ್ತೆ ಅದನ್ನು ಒಂದು ಹಳೆಯ ತಗಡಿನ ಡಬ್ಬಿಗೆ ಬಗ್ಗಿಸಿಟ್ಟುಕೊಂಡರು. ಡಬ್ಬಿಯ ಒಳಗೆ ಅಲ್ಲಲ್ಲಿ ತುಕ್ಕು ಇದ್ದದ್ದನ್ನು ಅವರೂ ಲೆಕ್ಕಿಸಲಿಲ್ಲ, ನಾನೂ ಲೆಕ್ಕಿಸಲಿಲ್ಲ.

ಹತ್ತು ಹನ್ನೆರಡು ದಿನ ಕಳೆಯಿತು. ಬೆಂಗಳೂರಿನ ಅಂಗಡಿಯೊಂದಕ್ಕೆ ಹಗ್ಗ ಹಿಡಿದು ಎಳೆಯುವ ಬಾತುಕೋಳಿಗಳನ್ನು ಕಳಿಸಬೇಕಿತ್ತು. ಕೆಂಪು ಮೈ, ಹಳದಿ ಕೊಕ್ಕು, ರೆಕ್ಕೆಗೆ ಮೂರು ಹಳದಿ ಗೆರೆ. ಅತ್ತೆ ಒಂದೇ ದಿನ ಎರಡೂ ಹಲಗೆಯ ತುಂಬ ಬರೆದು ಸಾಲಾಗಿಟ್ಟರು. ಸಂಜೆ ನಾನು ಬಂದಾಗ ನೋಡಿದ್ದೆ, ಚೆಂದದ ಹಳದಿ. ತುಸು ಮಬ್ಬು ಅನ್ನಿಸಿತು. ದೀಪದ ಬೆಳಕು ಇರಬೇಕು ಅಂದುಕೊಂಡೆ.

ಬೆಳಿಗ್ಗೆ ಕಾಫಿಗೆ ಹಾಲಿಡುತ್ತಿದ್ದಾಗ ಶೆಡ್ಡಿನಿಂದ ಕೂಗು ಬಂತು.

"ಬಾ ಇಲ್ಲಿ! ಬಂದು ನೋಡವ್ವ, ಏನಾಗೋಗದೆ!"

ಓಡಿ ಹೋದೆ. ಎರಡೂ ಹಲಗೆಯ ಬಾತುಗಳ ಕೊಕ್ಕುಗಳು ಕಪ್ಪಾಗಿದ್ದವು. ಪೂರ್ತಿ ಕಪ್ಪೂ ಅಲ್ಲ, ಹಸಿರು ಬೆರೆತ ಮಸಿ ಬಣ್ಣ. ರೆಕ್ಕೆಯ ಗೆರೆಗಳೂ ಹಾಗೆಯೇ. ಬೆಂಕಿಗೆ ಹಿಡಿದು ತೆಗೆದಂತೆ ಸಾಲಾಗಿ ನಿಂತಿದ್ದವು. ನನ್ನ ಗಂಡ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ನಿನ್ನೆ ಬಾತುಕೋಳಿ ಇಟ್ಟಿದ್ದೆ, ಇವತ್ತು ಕಾಗೆ ಕೂತವೆ," ಅಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ನಗುವೂ ಇರಲಿಲ್ಲ. "ಒಂದೊಂದಾಗಿ ಬರ್ದಿದ್ದೆ ಕಣವ್ವ. ಬೆನ್ನು ಬಿದ್ದೋಗಿತ್ತು."

ಕಾಲೇಜಿಗೆ ರಜೆ ಹೇಳಿದೆ. ಡಬ್ಬಿಯ ದ್ರವಕ್ಕೆ ಲಿಟ್ಮಸ್ ಕಾಗದ ಅದ್ದಿದೆ. ನೀಲಿ ಕಾಗದ ಕ್ಷಣದಲ್ಲಿ ಕೆಂಪಾಯಿತು. ಮೂಸಿದರೆ ಬೆಣ್ಣೆಯ ವಾಸನೆಯ ಕೆಳಗೆ ಹುಳಿ. ದ್ರವವನ್ನು ಬಾಟಲಿಗೆ ಸುರಿದು, ಡಬ್ಬಿಯನ್ನು ಬಿಸಿಲಿಗೆ ಹಿಡಿದೆ. ಒಳಗಿನ ತುಕ್ಕೆಲ್ಲ ಮಾಯವಾಗಿ, ತಗಡು ತಿಕ್ಕಿದ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು.

ಅಲ್ಲಿಗೆ ಎಲ್ಲ ಅರ್ಥವಾಯಿತು. ಆಮ್ಲ, ಆಲ್ಕೊಹಾಲ್ ಸೇರಿ ದ್ರಾವಕವೂ ನೀರೂ ಹುಟ್ಟುವ ಈ ಪ್ರಕ್ರಿಯೆ ಎರಡೂ ಕಡೆ ನಡೆಯುವಂಥದ್ದು. ನೀರು ಇದ್ದರೆ, ಚುರುಕು ಮಾಡುವ ಆಮ್ಲ ಒಂದು ಚೂರು ಉಳಿದಿದ್ದರೆ, ಅದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತದೆ. ನಾನು ಬಟ್ಟಿ ಇಳಿಸದೆ ಬಿಟ್ಟಿದ್ದರಿಂದ ನೀರೂ ಉಳಿದಿತ್ತು, ಆಮ್ಲವೂ ಉಳಿದಿತ್ತು. ಡಬ್ಬಿಯಲ್ಲಿ ದಿನದಿಂದ ದಿನಕ್ಕೆ ದ್ರಾವಕ ಒಡೆದು ಮತ್ತೆ ಮೊಸರಿನ ಹುಳಿಯಾಯಿತು. ಹುಳಿ ತುಕ್ಕನ್ನು, ತಗಡಿನ ಕಬ್ಬಿಣವನ್ನು ಕರಗಿಸಿತು. ಆ ಕಬ್ಬಿಣ ದಾಳಿಂಬೆ ಸಿಪ್ಪೆಯ ಒಗರಿನ ಜೊತೆ ಸೇರಿತು. ಬರೆದಾಗ ಬಣ್ಣ ತಿಳಿಯಾಗೇ ಇತ್ತು, ರಾತ್ರಿಯಿಡೀ ಗಾಳಿ ತಾಕಿ ಕಪ್ಪಾಯಿತು. ಕಬ್ಬಿಣದ ಚಾಕುವಿನಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುವುದಿಲ್ಲವೇ, ಅದೇ.

ಬೆಂಗಳೂರಿನ ಲ್ಯಾಬಿನಲ್ಲಿ ಇದೇ ದ್ರವ ನೀರಿನಲ್ಲಿ ಎಷ್ಟು ವೇಗದಲ್ಲಿ ಒಡೆಯುತ್ತದೆ ಎಂದು ನಾನು ಗ್ರಾಫ್ ಬರೆಯುತ್ತಿದ್ದೆ. ಮನೆಗೆ ಬಂದಾಗ ಅದನ್ನೇ ಮರೆತಿದ್ದೆ.

ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. "ತಪ್ಪು ನಂದೇ ಅತ್ತೆ. ಅವಸರ ಮಾಡಿದೆ. ಬಟ್ಟಿ ಇಳಿಸಬೇಕಿತ್ತು, ಇಳಿಸಲಿಲ್ಲ."

ಅವರು ಹೊಳೆಯುವ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದರು. "ಅಂದ್ರೆ ಮತ್ತೆ ಮೊಸ್ರಾಯ್ತು ಅನ್ನು."

"ಹೆಚ್ಚುಕಮ್ಮಿ ಹಾಗೇ."

"ನಾನು ಯೋಳ್ಲಿಲ್ವಾ?" ಅಂದು ಈಗ ನಕ್ಕರು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವರು ಸೆರಗಿನಲ್ಲಿ ನನ್ನ ಮುಖ ಒರೆಸಿ, "ಒಸಿ ಸುಮ್ಕಿರು. ಬಣ್ಣ ತಾನೇ, ಮರ ಏನ್ ಆಳಾಗಿಲ್ಲ," ಅಂದರು.

ನನ್ನ ಗಂಡ ಅಂಗಡಿಯವರಿಗೆ ಫೋನು ಮಾಡಿ ಒಂದು ವಾರದ ಮಟ್ಟಿಗೆ ತಡವಾಗುತ್ತದೆ ಎಂದರು. ಬಾತುಗಳನ್ನು ಒಂದೊಂದಾಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು, ಮೈಯ ಕೆಂಪು ಅರಗು ಆದಷ್ಟು ಕರಗದಂತೆ. ಮೂವರೂ ಕೂತೆವು. ಅರ್ಧ ದಾರಿಯಲ್ಲಿ ಅತ್ತೆ ಕೈ ನಿಲ್ಲಿಸಿದರು. ಒಂದು ಬಾತಿನ ಕೊಕ್ಕನ್ನು ಬೆರಳಿನಿಂದ ಉಜ್ಜಿ, ಉಗುರಿನಿಂದ ಕೆರೆದು, ಬಾಗಿಲ ಹತ್ತಿರ ಹೋಗಿ ಬೆಳಕಿಗೆ ಹಿಡಿದರು.

"ಈ ಕಪ್ಪು ಏನೂ ಕೆಟ್ಟದಾಗಿಲ್ಲ ಕಣವ್ವ. ಒಸಿ ಹಸ್ರು ಒಡೀತದೆ ಅಷ್ಟೇಯ. ಇದ್ನ ಇನ್ನೂ ಕರ್ರಗೆ ಮಾಡ್ಬೌದಾ?"

"ಯಾಕತ್ತೆ?"

"ಕಣ್ಣಿಗೆ!"

ನಾನು ಬಟ್ಟೆ ಕೆಳಗಿಟ್ಟೆ. ಎಷ್ಟು ವರ್ಷದಿಂದ ಮನೆಯಲ್ಲಿ ಅಂಗಡಿಯ ಪೇಂಟ್ ಉಳಿದಿದ್ದುದು ಆ ಕಣ್ಣಿನ ಕಪ್ಪಿಗೆ ಮಾತ್ರ. ಗಿಡಮರದ ಕಪ್ಪು ಇವರಿಗೆ ಒಗ್ಗಿರಲಿಲ್ಲ. ಕಾಡಿಗೆ ಮಸಿ ಕಲಸಿ ನೋಡಿದ್ದರಂತೆ, ಅದು ಬೂದಿ ಬಣ್ಣಕ್ಕೆ ತಿರುಗಿ ಗೊಂಬೆ ಕಾಯಿಲೆ ಬಿದ್ದಂತೆ ಕಾಣುತ್ತಿತ್ತಂತೆ. ಹಿಂದೆ ಒಗರಿನ ಕಾಯಿ, ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದರು ಎಂಬುದನ್ನು ನಾನು ತರಗತಿಯಲ್ಲಿ ವರ್ಷ ವರ್ಷ ಹೇಳುತ್ತಿದ್ದೆ. ಆ ಶಾಯಿ ನಮ್ಮ ಹಲಗೆಯ ಮೇಲೆ ಬಾತುಕೋಳಿಯ ಕೊಕ್ಕಿನಲ್ಲಿ ಬಂದು ನಿಂತಿದ್ದು ಕಂಡದ್ದು ಅತ್ತೆಗೆ.

ಒರೆಸಿದ ಬಾತುಗಳನ್ನು ಮತ್ತೆ ಬರೆದು ಅಂಗಡಿಗೆ ಕಳಿಸಿ, ಮುಂದಿನ ಒಂದು ತಿಂಗಳು ನಾವಿಬ್ಬರೂ ಸೇರಿ ಕಪ್ಪು ಮಾಡಿದೆವು. ಹುಳಿಗೆ ತಿರುಗಿದ ದ್ರವದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ನೆನೆಹಾಕಿದೆವು. ದಾಳಿಂಬೆ ಸಿಪ್ಪೆಯ ಜೊತೆ ಅಳಲೆಕಾಯಿ ಪುಡಿ ಸೇರಿಸಿದಾಗ ಹಸಿರು ಹೋಗಿ ಕಪ್ಪು ಗಟ್ಟಿಯಾಯಿತು. ಅಳಲೆಕಾಯಿ ಅತ್ತೆಯ ಯೋಚನೆ. ಕೆಮ್ಮಿಗೆ ತೇಯ್ದು ಕೊಡುವಾಗ ಕಬ್ಬಿಣದ ತಟ್ಟೆ ಕಪ್ಪಾಗುತ್ತಿದ್ದುದನ್ನು ಅವರು ಗಮನಿಸಿದ್ದರು. ಹುಳಿ ಉಳಿಯಬಾರದೆಂದು ಕಪ್ಪು ತಳದಲ್ಲಿ ಇಳಿದ ಮೇಲೆ ನಾಲ್ಕೈದು ಸಲ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಪುಡಿ ಮಾಡಿ, ಬಟ್ಟಿ ಇಳಿಸಿದ ಒಳ್ಳೆಯ ದ್ರಾವಕ ಬೆರೆಸಿದ ಅರಗಿನಲ್ಲಿ ಕಲಸಿದೆವು. ಈ ಸಲ ಪ್ರತಿ ಹಂತಕ್ಕೂ ಲಿಟ್ಮಸ್ ಅದ್ದಿದೆ. ಆಟಿಕೆ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ, ಮಕ್ಕಳ ಬಾಯಿಗೆ ತೊಂದರೆಯಿಲ್ಲ ಅಂತ ಕಾಗದ ಬರುವವರೆಗೆ ಈ ಕಪ್ಪು ಕಣ್ಣಿನ ಒಂದು ಗೊಂಬೆಯನ್ನೂ ಹೊರಗೆ ಬಿಡಲಿಲ್ಲ.

ಕಾಗದ ಬಂದ ದಿನ ಅತ್ತೆ ಎನಾಮಲ್ ಪೇಂಟಿನ ಡಬ್ಬಿಯನ್ನು ನನ್ನ ಗಂಡನ ಕೈಗೆ ಕೊಟ್ಟು, "ಗೇಟಿಗೆ ಬಳ್ಕೋ ಓಗು," ಅಂದರು. ನಮ್ಮ ಗೇಟು ಈಗಲೂ ಗೊಂಬೆಯ ಕಣ್ಣಿನ ಬಣ್ಣದ್ದೇ.

ಗೈಡ್ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ. ಮರೆಮಾಚಲಿಲ್ಲ. ಅವರು ಬಹಳ ಹೊತ್ತು ನಕ್ಕು, ಆಮೇಲೆ ಗಂಭೀರವಾಗಿ, "ತಗಡಿನ ಡಬ್ಬಿ, ಉಳಿದ ಆಮ್ಲ, ನೀರು. ಕಾರ್ಖಾನೆಯಲ್ಲಿ ಇಡುವಾಗಲೂ ಇದೇ ತೊಂದರೆ. ಒಂದು ಅಧ್ಯಾಯಕ್ಕಾಗುವಷ್ಟು ಕೆಲಸ ಇದೆ," ಅಂದರು. ಎಷ್ಟು ನೀರಿದ್ದರೆ ಎಷ್ಟು ದಿನಕ್ಕೆ ಹುಳಿಯಾಗುತ್ತದೆ, ಗಾಜಿನಲ್ಲಿ ಎಷ್ಟು, ತಗಡಿನಲ್ಲಿ ಎಷ್ಟು ಎಂದು ಅಳೆದು ಬರೆದೆ. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ನನ್ನ ಪ್ರಬಂಧದಲ್ಲಿ ಹೆಚ್ಚು ಪ್ರಶ್ನೆ ಕೇಳಿದ್ದು ಆ ಅಧ್ಯಾಯದ ಮೇಲೆಯೇ. ಉತ್ತರ ಹೇಳಲು ನನಗೆ ಕಷ್ಟವಾಗಲಿಲ್ಲ.

ಪದವಿ ಬಂದ ಮೇಲೆ ಅತ್ತೆ ಒಂದು ಆಸೆ ಹೇಳಿದರು. "ನೀನು ಅದ್ನ ಕಾಸೋ ಜಾಗ ಒಂದ್ಸಲ ನೋಡ್ಬೇಕು."

ಒಂದು ಶನಿವಾರ ಅವರನ್ನು ಕರೆದುಕೊಂಡು ರಾಮನಗರಕ್ಕೆ ಹೋದೆ. ಹಸಿರು ಸೀರೆ ಉಟ್ಟು, ಹೂ ಮುಡಿದು, ಮದುವೆಗೆ ಹೊರಟವರಂತೆ ಬಂದಿದ್ದರು. ಲ್ಯಾಬಿನ ಅಟೆಂಡರ್ ಕುರ್ಚಿ ಹಾಕಿಕೊಟ್ಟ. ನಾನು ಗಾಜಿನ ಬುರುಡೆಯ ಕೆಳಗೆ ಬಿಸಿ ಹಚ್ಚಿ, ತಂಪು ನೀರಿನ ಕೊಳವೆ ಸಿಕ್ಕಿಸಿದೆ. ಆವಿ ಏರಿತು, ಕೊಳವೆಯಲ್ಲಿ ತಣಿದು, ತೊಟ್ಟು ತೊಟ್ಟಾಗಿ ಈ ಕಡೆಯ ಬಾಟಲಿಗೆ ಇಳಿಯತೊಡಗಿತು. ಅತ್ತೆ ಮುಂದಕ್ಕೆ ಬಾಗಿ ನೋಡಿದರು. ಮುಖದಲ್ಲಿ ಏನೋ ಹಳೆಯ ನೆನಪು.

"ನಮ್ಮೂರ ಬಂಡೆ ಮರೆಗೆ ಇಂಗೇ ಕಾಸೋರು, ನಮ್ ದೊಡ್ಡಪ್ಪ," ಅಂದರು.

"ಏನನ್ನ ಅಜ್ಜೀ?" ಎಂದ ಅಟೆಂಡರ್.

"ಏನಾದ್ರೂ ಕಾಸ್ಕೊಳ್ಳಲಿ, ನಿಂಗ್ಯಾಕಪ್ಪ?" ಎಂದು ಅತ್ತೆ ಅವನ ಮಾತು ತುಂಡು ಮಾಡಿದರು. ಅವನು ನಗು ತಡೆಯಲಾರದೆ ಹೊರಗೆ ಓಡಿದ.

ಬಾಟಲಿ ಕಾಲು ಭಾಗ ತುಂಬಿದರೂ ಅತ್ತೆ ಏಳುವ ಸುಳಿವೇ ಇರಲಿಲ್ಲ. ನಾನು ಥರ್ಮಾಮೀಟರ್ ತೋರಿಸಿ, ಈ ಗೆರೆ ದಾಟಿದರೆ ಬೇರೆ ಬಾಟಲಿ ಇಡಬೇಕು ಅಂತ ಹೇಳಿಕೊಟ್ಟೆ. ಆಮೇಲೆ ನಾನು ಕಪಾಟಿನ ಕಡೆ ತಿರುಗಿದ್ದಾಗ, "ಏರ್ತದೆ ಕಣವ್ವ, ಬಾಟ್ಲಿ ತಂದು ಇಡು, ಬಿರ್ರನೆ ಬಾ," ಅಂತ ಅವರೇ ಕರೆದರು. ನಾನು ಬಾಟಲಿ ಬದಲಿಸಿದೆ. ಹೊರಗೆ ಮಧ್ಯಾಹ್ನದ ಬೆಲ್ಲು ಹೊಡೆಯಿತು. ಅವರು ಚೀಲದಿಂದ ಬುತ್ತಿ ತೆಗೆದರು. ಲ್ಯಾಬಿನಲ್ಲಿ ತಿನ್ನುವ ಹಾಗಿಲ್ಲ ಅತ್ತೆ ಎಂದೆ. ಹಾಗಾದರೆ ವರಾಂಡದಲ್ಲಿ ಕೂತರೆ ಈ ತೊಟ್ಟು ಕಾಣುತ್ತದೆಯೇ ಎಂದು ಕೇಳಿದರು. ಕಾಣುತ್ತಿತ್ತು. ಅಟೆಂಡರನ್ನು ಮತ್ತೆ ಕರೆದು ಬುರುಡೆಯ ಹತ್ತಿರ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದಿಟ್ಟು, ವರಾಂಡದ ಮೆಟ್ಟಿಲ ಮೇಲೆ ಇಬ್ಬರೂ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು.